ಎರಡು ದೇಶದ ತಂತಿಗೆ ಅಡುಗೆ ಮಾಡಿದ ಮುನಿಯಲ್ಲಮ್ಮ

ತಾಯಲೂರಿನಿಂದ ಕೂಗಳತೆ ದೂರದ ಹಳ್ಳಿಯ ಮುನಿಯಲ್ಲಮ್ಮ ವಿದೇಶಕ್ಕೆ ಹೋಗಿ ಬಂದವಳು ಎಂದರೆ ಅವಳ ಊರಿನವರು ಇವತ್ತಿಗೂ ಒಪ್ಪುವುದಿಲ್ಲ. ಅವರ ಪ್ರಕಾರ ವಿದೇಶಕ್ಕೆ ಹೋಗುವವರು ವಿಮಾನ ಹತ್ತಬೇಕು, ಬರುವಾಗ ಬೆಳ್ಳಗಾಗಿ ಬರಬೇಕು, ಬಂದ ಮೇಲೆ ಕೆಲವು ದಿನವಾದರೂ ನಮ್ಮ ನೀರು ಒಗ್ಗುವುದಿಲ್ಲವೆಂದು ಮೂಗು ಮುರಿಯಬೇಕು. ಮುನಿಯಲ್ಲಮ್ಮ ಹವಾಯಿ ಚಪ್ಪಲಿಯಲ್ಲಿ ನಡೆದೇ ಹೋದಳು, ಹೋದದ್ದಕ್ಕಿಂತ ಕಪ್ಪಾಗಿ ಬಂದಳು, ಬಂದವಳೇ ಕೊಡದ ನೀರು ಎತ್ತಿ ಗಟಗಟ ಕುಡಿದಳು. ಇಂಥವಳನ್ನು ಯಾರು ನಂಬುತ್ತಾರೆ?

ವಯಸ್ಸು ಐವತ್ತರ ಆಸುಪಾಸು. ಒಂದಿಷ್ಟು ಹಿಪ್ಪುನೇರಳೆ ತೋಟ, ಒಂದಿಷ್ಟು ರಾಗಿ ಹೊಲ, ಮನೆಯ ಪಕ್ಕದಲ್ಲೇ ರೇಷ್ಮೆಹುಳು ಸಾಕುವ ಕೋಣೆ. ಮಗಳು ಧನಶ್ರೀಯನ್ನು ಕೋಲಾರಕ್ಕೆ ಕೊಟ್ಟಾಗಿತ್ತು. ಸುತ್ತಲ ಊರುಗಳ ಮದುವೆ, ತಿಥಿ, ಗೃಹಪ್ರವೇಶಗಳಿಗೆ ಮುನಿಯಲ್ಲಮ್ಮ ಅಡುಗೆಗೆ ಹೋಗುತ್ತಿದ್ದಳು. ದೊಡ್ಡ ಕೊಪ್ಪರಿಗೆಯಲ್ಲಿ ಒಬ್ಬಳೇ ನಿಂತು ಗಂಟಿಲ್ಲದೆ ಮುದ್ದೆ ತಿರುವಬಲ್ಲವಳು ಎಂಬ ಹೆಸರು ಅವಳಿಗಿತ್ತು.

ಗಂಡ ದೊಡ್ಡವೆಂಕಟಪ್ಪನೂ ಸುಮ್ಮನೆ ಕೂತವನಲ್ಲ. ತಾಯಲೂರಿನ ಟೀ ಅಂಗಡಿಯ ಬೆಂಚಿನ ಮೇಲಿಂದ ಚೀನಾ, ಪಾಕಿಸ್ತಾನ, ಅಮೆರಿಕಗಳನ್ನು ನೋಡಿಕೊಳ್ಳುವ ಜವಾಬ್ದಾರಿ ಅವನದು. ಆ ದೇಶಗಳು ಮುಂದಿನ ವಾರ ಏನು ಮಾಡುತ್ತವೆ ಎಂಬುದು ಅವುಗಳಿಗಿಂತ ಮೊದಲು ಅವನಿಗೆ ಗೊತ್ತಿರುತ್ತಿತ್ತು. ತನ್ನ ಹೊಲದಲ್ಲಿ ಕಳೆ ಎಷ್ಟೆತ್ತರ ಬೆಳೆದಿದೆ ಎಂಬುದೊಂದು ಗೊತ್ತಿರುತ್ತಿರಲಿಲ್ಲ. ಇಷ್ಟು ಭಾರ ಹೊತ್ತವನನ್ನು ಕಳೆ ಕೀಳಲು ಕರೆಯುವುದು ಧರ್ಮವಲ್ಲವೆಂದು ಮುನಿಯಲ್ಲಮ್ಮನೇ ಕೀಳುತ್ತಿದ್ದಳು.

ಒಂದು ವರ್ಷ ಮುಳಬಾಗಿಲು ತಾಲ್ಲೂಕಿನ ಮೇಲೆ ಹಾದುಹೋಗುವ ದೊಡ್ಡ ಕರೆಂಟ್ ಲೈನಿನ ಕೆಲಸಕ್ಕೆ ಒಂದು ಗ್ಯಾಂಗು ಬಂದು ಊರ ಕೆರೆಯ ಏರಿ ಕೆಳಗೆ ತಗಡಿನ ಶೆಡ್ಡು ಹಾಕಿತು. ಎಲ್ಲ ಬಂಗಾಳದ ಮಾಲ್ದಾ ಕಡೆಯವರು. ತೆಂಗಿನ ಮರಕ್ಕಿಂತ ಎಷ್ಟೋ ಎತ್ತರದ ಟವರಿನ ತುದಿಯಲ್ಲಿ ಕಾಲು ಇಳಿಬಿಟ್ಟು ಬೀಡಿ ಸೇದಬಲ್ಲ ಈ ಗಂಡಸರು, ಕೆಳಗಿಳಿದು ಊಟಕ್ಕೆ ಕೂತರೆ ಕಣ್ಣಲ್ಲಿ ನೀರು ಹಾಕುತ್ತಿದ್ದರು. ಕಂಟ್ರಾಕ್ಟರು ಇಟ್ಟಿದ್ದ ಅಡುಗೆಯವನು ಬೆಳಗಿನ ಪುಳಿಯೋಗರೆಗೆ ಸಂಜೆ ಚಿತ್ರಾನ್ನವೆಂದು ಹೆಸರು ಬದಲಿಸಿ ಬಡಿಸುತ್ತಿದ್ದ. ಒಂದು ದಿನ ಅವನೂ ತನ್ನ ಅಡುಗೆ ತಾನೇ ತಿನ್ನಲಾರದೆ ಓಡಿಹೋದ.

ಗ್ಯಾಂಗಿನ ಸೂಪರ್‌ವೈಸರು ಅಮರನಾಥ್ ಶ್ರೀನಿವಾಸಪುರದವನು. ಮನೆಯಲ್ಲಿ ತೆಲುಗು, ಆಫೀಸಿನಲ್ಲಿ ಕನ್ನಡ, ಆಳುಗಳನ್ನು ಬೈಯಲು ಹಿಂದಿ ಇಟ್ಟುಕೊಂಡಿದ್ದ. ಅವನು ಊರಲ್ಲಿ ವಿಚಾರಿಸಿ ಮುನಿಯಲ್ಲಮ್ಮನನ್ನು ಕರೆತಂದ. ಅವಳು ಮೊದಲ ದಿನ ಕೆರೆಯ ಮೀನು ತರಿಸಿ ಹುಣಸೆಹುಳಿ ಹಿಂಡಿ ಸಾರು ಮಾಡಿದಳು. ಮೀನಿನ ನಾಡಿನ ಗಂಡಸರು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡರು. ಕೊನೆಗೆ ಒಬ್ಬ ಕೈ ನೆಕ್ಕುತ್ತ ಅವಳನ್ನು ‘ಮಾಶಿ’ ಎಂದ. ಮಸಿ ಎಂದು ಬೈದನೆಂದು ತಿಳಿದ ಮುನಿಯಲ್ಲಮ್ಮ ಸೌಟು ಎತ್ತಿಕೊಂಡಳು. ಅದು ಅವರ ಕಡೆ ಚಿಕ್ಕಮ್ಮನನ್ನು ಕರೆಯುವ ಹೆಸರೆಂದು ಅಮರನಾಥ್ ನಡುವೆ ಬಂದು ತಿಳಿಸಿದ. ಅಲ್ಲಿಂದ ಅವಳು ಅಷ್ಟೂ ಜನಕ್ಕೆ ಮಾಶಿಯಾದಳು.

ಇಲ್ಲಿಯ ಕೆಲಸ ಮುಗಿಯುವ ಹೊತ್ತಿಗೆ ಕಂಪನಿಗೆ ಬೇರೊಂದು ಕೆಲಸ ಸಿಕ್ಕಿತ್ತು. ಬಿಹಾರದಿಂದ ಗಡಿ ದಾಟಿ ನೇಪಾಳಕ್ಕೆ ಹೋಗುವ ಭಾರೀ ಲೈನು; ಎರಡು ದೇಶಗಳು ಒಂದಕ್ಕೊಂದು ಕರೆಂಟು ಕೊಟ್ಟು ತೆಗೆದುಕೊಳ್ಳುವುದಕ್ಕೆ. ಮಾಲ್ದಾದವರು ಹೋಗಲು ಒಪ್ಪಿದರು, ಮಾಶಿ ಬರುವುದಾದರೆ ಎಂದು ಸೇರಿಸಿದರು. ಅಮರನಾಥ್ ಬಾಳೆಹಣ್ಣು ಹಿಡಿದುಕೊಂಡು ಮುನಿಯಲ್ಲಮ್ಮನ ಮನೆಗೆ ಬಂದ. ದೊಡ್ಡವೆಂಕಟಪ್ಪ ಅವನನ್ನು ಕೂರಿಸಿಕೊಂಡು ನೇಪಾಳದ ಇತಿಹಾಸವನ್ನು ತನಗೆ ತೋಚಿದಂತೆ ವಿವರಿಸಿದ. ಹೆಂಡತಿಯನ್ನು ಕರೆದೊಯ್ಯುವ ಮಾತು ಬಂದಾಗ ಮಾತ್ರ ಅವನ ಇತಿಹಾಸ ನಿಂತುಹೋಯಿತು.

“ಏಮೇ, ನೇಪಾಳ ಅಂದ್ರೆ ನಮ್ದೇ ಕಣೇ. ಅಲ್ಲಿಗ್ ಹೋಗಿ ನೋಡೋದೇನೈತೆ? ಇಲ್ಲಿ ನನ್ನ ಊಟದ ಗತಿ?” ಎಂದ.

“ನಿಂದೇ ಅಂದ್ಮೇಲೆ ನೀನೇ ಹೋಗ್ಬಾ. ನಾನು ಟೀ ಅಂಗ್ಡೀಲಿ ಕೂತಿರ್ತೀನಿ,” ಎಂದಳು ಮುನಿಯಲ್ಲಮ್ಮ.

ಹೋಗುವುದೆಂದು ಅವಳು ಬಾಳೆಹಣ್ಣು ನೋಡಿದಾಗಲೇ ತೀರ್ಮಾನಿಸಿದ್ದಳು. ತಿರುಪತಿ ಬಿಟ್ಟರೆ ದೂರದ ಊರು ನೋಡಿದವಳಲ್ಲ ಎಂಬುದು ಒಂದು ಕಾರಣ. ಇನ್ನೊಂದನ್ನು ಅವಳು ಯಾರಿಗೂ ಹೇಳಲಿಲ್ಲ. ದೊಡ್ಡವೆಂಕಟಪ್ಪನ ಮನೆಯವರು ಹೆಣ್ಣು ಕೇಳಲು ಬಂದದ್ದು ಅವಳ ಅಕ್ಕನನ್ನು. ಅಕ್ಕನಿಗೆ ಬೇರೆ ಕಡೆ ಗೊತ್ತಾಗಿತ್ತು. ಬಂದ ದಾರಿಗೆ ಸುಂಕವಿಲ್ಲ ಎನ್ನುವಂತಾಗಬಾರದೆಂದು ಇವಳನ್ನು ನೋಡಿ ಹೋಗಿದ್ದರು. ಇವಳೇ ಬೇಕು ಎಂದು ಯಾರಾದರೂ ಹಣ್ಣು ಹಿಡಿದು ಮನೆಗೆ ಬಂದದ್ದು ಇದೇ ಮೊದಲು. ಹುಳುವಿನ ಮನೆಯನ್ನು ನಾದಿನಿಗೆ ಒಪ್ಪಿಸಿ, ಒಂದು ಚೀಲ ರಾಗಿಹಿಟ್ಟು ಮತ್ತು ತನ್ನ ಮುದ್ದೆ ಕೋಲಿನೊಂದಿಗೆ ಅವಳು ಬಂಗಾರಪೇಟೆಯಲ್ಲಿ ರೈಲು ಹತ್ತಿದಳು. ದಾರಿಯಲ್ಲಿ ಪೊಲೀಸರೊಬ್ಬರು ಆ ಕೋಲು ಯಾವ ಉದ್ದೇಶಕ್ಕೆ ಎಂದು ಕೇಳಿದರಂತೆ. ಮುದ್ದೆಗೆ ಹಿಂದಿಯಲ್ಲಿ ಮಾತು ಸಿಗದೆ ಅಮರನಾಥ್ ಚಳಿಗಾಲದಲ್ಲೂ ಬೆವತ.

ಗಡಿ ಎಂದರೆ ಗೋಡೆ, ಮುಳ್ಳುತಂತಿ, ಬಂದೂಕು ಎಂದು ಮುನಿಯಲ್ಲಮ್ಮ ತಿಳಿದಿದ್ದಳು. ಟೀ ಅಂಗಡಿಯಿಂದ ಗಂಡ ಮನೆಗೆ ತಂದಿದ್ದ ಗಡಿ ಅಂಥದ್ದು. ಇಲ್ಲಿ ನೋಡಿದರೆ ಬಿಹಾರದ ಗೋಧಿ ಹೊಲ ಮುಗಿದಲ್ಲಿ ಒಂದು ಬಿಳಿ ಕಂಬ, ಆಮೇಲೆ ಒಂದು ಪಟ್ಟಿ ಬೀಳು ನೆಲ, ಅದರಾಚೆ ನೇಪಾಳದ ಗೋಧಿ ಹೊಲ. ನಡುವಿನ ಬೀಳು ಯಾರಿಗೂ ಸೇರಿದ್ದಲ್ಲವಂತೆ. ಹಾಗಾಗಿ ಎರಡೂ ದೇಶದ ದನಗಳು ಅಲ್ಲೇ ಮೇಯುತ್ತಿದ್ದವು. ಸೈಕಲ್ಲುಗಳು, ಉಪ್ಪಿನ ಚೀಲಗಳು, ಮದುವೆ ದಿಬ್ಬಣಗಳು, ಅತ್ತೆಯ ಜೊತೆ ಜಗಳವಾಡಿ ತವರಿಗೆ ಹೊರಟ ಸೊಸೆಯರು ದಿನವಿಡೀ ಅತ್ತಿಂದಿತ್ತ ದಾಟುತ್ತಿದ್ದರು. ಕಾವಲಿನ ಜವಾನರು ಮರದ ಕೆಳಗೆ ಕೂತು ನೋಡುತ್ತಿದ್ದರು. ದಾಟಲು ಅಪ್ಪಣೆ ಬೇಕಾಗಿದ್ದದ್ದು ತಂತಿಯೊಂದಕ್ಕೇ.

ಆ ಅಪ್ಪಣೆಯ ಕಥೆ ಹೀಗಿತ್ತು. ಈಚೆಯ ಕೊನೆಯ ಟವರು ಈ ದೇಶದ ಕಂಪನಿಯದು, ಆಚೆಯ ಮೊದಲ ಟವರು ಆ ದೇಶದ ಕಂಪನಿಯದು. ಎರಡರ ನಡುವೆ ಗಾಳಿಯಲ್ಲಿ ತೂಗಬೇಕಾದ ತಂತಿಯನ್ನು ಎಳೆಯುವವರು ಯಾರು ಎಂದು ಒಪ್ಪಂದದಲ್ಲಿ ಬರೆಯುವುದನ್ನು ದೊಡ್ಡವರು ಮರೆತಿದ್ದರು. ಎರಡು ದೇಶಗಳ ಸಾವಿರ ವರ್ಷದ ಬಾಂಧವ್ಯದ ಬಗ್ಗೆ ಪುಟಗಟ್ಟಲೆ ಬರೆದು ಕೈ ಸೋತಿತ್ತೋ ಏನೋ. ಗ್ಯಾಂಗು ಹಿಂದಿನ ಟವರುಗಳನ್ನೆಲ್ಲ ಮುಗಿಸಿ ಬಿಳಿ ಕಂಬದ ಹತ್ತಿರ ಬಂದು ನಿಂತಿತು. ಮೇಲಿನವರು ಪತ್ರ ಬರೆಯುತ್ತಿದ್ದರು, ಕೆಳಗಿನವರು ಇಸ್ಪೀಟು ಆಡುತ್ತಿದ್ದರು, ಮುನಿಯಲ್ಲಮ್ಮ ಇಬ್ಬರ ನಡುವೆ ಅನ್ನ ಬೇಯಿಸುತ್ತಿದ್ದಳು.

ಅಷ್ಟರಲ್ಲಿ ಅವಳು ಊರಿಂದ ತಂದ ರಾಗಿಹಿಟ್ಟು ಮುಗಿಯಿತು. ಗ್ಯಾಂಗಿನವರಿಗೆ ಅನ್ನವಿದ್ದರೆ ಸಾಕು. ಅವಳಿಗೂ ಅಮರನಾಥನಿಗೂ ಮುದ್ದೆಯಿಲ್ಲದ ದಿನ ಹೊಟ್ಟೆ ತುಂಬಿದರೂ ಊಟವಾಯಿತು ಅನ್ನಿಸುತ್ತಿರಲಿಲ್ಲ. ಸೆರಗಿನ ತುದಿಯಲ್ಲಿ ಹಿಟ್ಟಿನ ಚೂರು ಕಟ್ಟಿಕೊಂಡು ಹೋಗಿ ಬಿಹಾರದ ಅಂಗಡಿಯವನಿಗೆ ತೋರಿಸಿದಳು. ಅವನು ಗುರುತು ಹಿಡಿದ. ಇಲ್ಲಿ ಅದನ್ನು ಒಂದು ಹಬ್ಬಕ್ಕೆ ಮಾತ್ರ ತಿನ್ನುವುದು, ಹಬ್ಬ ಮುಗಿದಿದೆ, ಆಚೆ ಸಂತೆಯಲ್ಲಿ ನೋಡು ಎಂದು ಕೈ ತೋರಿಸಿದ. ಅವನ ಕೈ ತೋರಿದ್ದು ವಿದೇಶ. ಮುನಿಯಲ್ಲಮ್ಮ ಚಪ್ಪಲಿಗೆ ಹತ್ತಿದ ಕೆಸರು ಒರೆಸಿಕೊಂಡು ವಿದೇಶಕ್ಕೆ ಹೊರಟಳು.

ಸಂತೆಯ ಮೂಲೆಯಲ್ಲಿ ಗೋಣಿಯ ಮೇಲೆ ರಾಗಿ ಸುರಿದುಕೊಂಡು ಮನ್‌ಮಾಯಾ ಎಂಬ ಹೆಂಗಸು ಕೂತಿದ್ದಳು. ಬೆಟ್ಟದ ಕಡೆಯಿಂದ ಕೆಳಗಿಳಿದು ಬಂದು ನೆಲೆಸಿದ ಕುಟುಂಬ ಅವಳದು. ಮುನಿಯಲ್ಲಮ್ಮ ಒಂದು ಹಿಡಿ ತೆಗೆದು ಮೂಸಿದಳು, ಅಂಗೈಯಲ್ಲಿ ಉಜ್ಜಿ ಹೊಟ್ಟು ಊದಿದಳು, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. ಮನ್‌ಮಾಯಾ ‘ಕೋದೋ’ ಎಂದಳು. ಇವಳು ‘ರಾಗಿ’ ಎಂದಳು. ಇಬ್ಬರೂ ತಾವು ಹೇಳಿದ್ದೇ ಸರಿಯೆಂದು ಇನ್ನೊಮ್ಮೆ ಜೋರಾಗಿ ಹೇಳಿದರು. ಆಮೇಲೆ ಮುನಿಯಲ್ಲಮ್ಮ ಇಲ್ಲದ ಪಾತ್ರೆಯಲ್ಲಿ ಇಲ್ಲದ ಕೋಲನ್ನಿಟ್ಟು ತಿರುವಿ ತೋರಿಸಿದಳು. ಮನ್‌ಮಾಯಾಳ ಮುಖ ಅರಳಿತು. ಅವಳೂ ಗಾಳಿಯಲ್ಲೇ ತಿರುವಿ, ಮುರಿದು, ಸಾರಿಗೆ ಅದ್ದಿ, ಅಗಿಯದೆ ಗುಳುಂ ಎಂದು ನುಂಗಿದಳು. ಇಷ್ಟು ದೂರ ಬಂದ ಮೇಲೆ, ಮುದ್ದೆ ಅಗಿಯುವುದಲ್ಲ ನುಂಗುವುದು ಎಂದು ತಿಳಿದಿರುವ ಒಬ್ಬರಾದರೂ ಸಿಕ್ಕರಲ್ಲ ಎಂದು ಮುನಿಯಲ್ಲಮ್ಮ ರಾಗಿಯ ಬೆಲೆ ಕೇಳುವುದನ್ನೇ ಮರೆತಳು.

ಮನ್‌ಮಾಯಾ ಅಂಗಡಿ ಕಟ್ಟಿ ಇವಳನ್ನು ಮನೆಗೆ ಕರೆದೊಯ್ದಳು. ಹಿತ್ತಲಲ್ಲಿ ಹಂಡೆಯ ಮೇಲೆ ಹಂಡೆಯಿಟ್ಟು ಅದೇ ರಾಗಿಯಿಂದ ಸಾರಾಯಿ ಇಳಿಸುತ್ತಿದ್ದಳು. ಹುಟ್ಟಿದಾರಭ್ಯ ರಾಗಿ ಬೆಳೆದ ಕೋಲಾರದವರಿಗೆ ಹೊಳೆಯದ ದಾರಿ ಇದು. ಊರಿಗೆ ಹೋಗಿ ಇದನ್ನು ಗಂಡನಿಗೆ ಹೇಳಬಾರದೆಂದು ಮುನಿಯಲ್ಲಮ್ಮ ಅಲ್ಲೇ ನಿಶ್ಚಯಿಸಿದಳು. ಯಾವ ಊರು ಎಂದು ಮನ್‌ಮಾಯಾ ಕೈಸನ್ನೆಯಲ್ಲಿ ಕೇಳಿದಳು. ಇವಳು ಕೋಲಾರ ಎಂದಳು. ಮನ್‌ಮಾಯಾ ಸ್ವಲ್ಪ ಯೋಚಿಸಿ, “ಮಾಲೂರ್?” ಎಂದಳು. ಮುನಿಯಲ್ಲಮ್ಮ ತನ್ನ ಕಿವಿಯನ್ನೇ ಅನುಮಾನಿಸುತ್ತಿದ್ದಾಗ ಅವಳು ಫೋನು ಒತ್ತಿ ಕೈಗೆ ಕೊಟ್ಟಳು.

“ಹಲೋ, ನಮಸ್ಕಾರ ಅಮ್ಮಾ. ಊಟ ಆಯ್ತಾ?” ಎಂದಿತು ಫೋನು.

ಮುನಿಯಲ್ಲಮ್ಮ ಜಗುಲಿಯ ಮೇಲೆ ಕೂತುಬಿಟ್ಟಳು. “ಯಾರಪ್ಪಾ ನೀನು? ಎಲ್ಲಿಂದ ಮಾತಾಡ್ತಾ ಇದ್ದೀಯ?”

“ನಾನು ಟೇಕ್ ಅಮ್ಮಾ, ಟೇಕ್ ಬಹಾದೂರ್. ಮಾಲೂರ್ ಫ್ಯಾಕ್ಟರೀಲಿ ಗೇಟ್ ಡ್ಯೂಟಿ. ರೂಮು ಟೇಕಲ್‌ನಲ್ಲಿ.”

ಟೇಕಲ್‌ನ ಟೇಕ್ ಮನ್‌ಮಾಯಾಳ ಕಿರಿಮಗ. ಕನ್ನಡವನ್ನು ಲಾರಿ ಡ್ರೈವರುಗಳಿಂದಲೂ ತೆಲುಗನ್ನು ಬಾಡಿಗೆ ಮನೆಯ ಓನರಮ್ಮನಿಂದಲೂ ಕಲಿತಿದ್ದ. ಅಂದಿನಿಂದ ಇಬ್ಬರು ಹೆಂಗಸರ ಮಾತುಕತೆಗೆ ಅವನೇ ದುಭಾಷಿಯಾದ. ಒಂದೇ ಚಾಪೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಇವರ ಒಂದೊಂದು ಮಾತೂ ಬಿಹಾರ, ಒಡಿಶಾ, ಆಂಧ್ರ ದಾಟಿ ಮಾಲೂರಿಗೆ ಹೋಗಿ, ಅಲ್ಲಿ ಭಾಷೆ ಬದಲಿಸಿಕೊಂಡು ಅದೇ ಚಾಪೆಗೆ ವಾಪಸು ಬರುತ್ತಿತ್ತು. ನಡುವೆ ಲಾರಿ ಬಂದರೆ, ಅಮ್ಮಾ ಒಂದ್ನಿಮಿಷ, ಗೇಟ್ ತೆಗೀಬೇಕು ಎನ್ನುತ್ತಿದ್ದ. ಆಗ ಎರಡು ದೇಶಗಳೂ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದವು.

ಮಂಜಿನ ದಿನಗಳಲ್ಲಿ ಕೊನೆಗೂ ದೊಡ್ಡವರ ಸಭೆ ಗೊತ್ತಾಯಿತು. ತಂತಿ ಎಳೆಯುವವರು ಯಾರೆಂದು ಸ್ಥಳದಲ್ಲೇ ತೀರ್ಮಾನಿಸಲು ಎರಡೂ ಕಡೆಯ ಅಧಿಕಾರಿಗಳು ಕ್ಯಾಂಪಿಗೆ ಬಂದರು. ನೀರಿನ ಬಾಟಲಿ, ಬಾವುಟ, ಹೂಕುಂಡ ಎಲ್ಲ ಮೊದಲೇ ಬಂದಿದ್ದವು. ಪಟ್ಟಣದ ದೊಡ್ಡ ಹೋಟೆಲಿನ ಊಟ ಮಾತ್ರ ಮಂಜಿನಲ್ಲಿ ದಾರಿ ಕಾಣದೆ ಎಲ್ಲೋ ನಿಂತುಹೋಯಿತು. ಕ್ಯಾಂಪಿಗೆ ಅಕ್ಕಿ ತರಬೇಕಾದ ವ್ಯಾನೂ ಅದರ ಹಿಂದೆಯೇ ನಿಂತಿತ್ತು.

ಅಮರನಾಥ್ ಓಡುತ್ತ ಅಡುಗೆ ಶೆಡ್ಡಿಗೆ ಬಂದ. “ಅಕ್ಕಾ, ಎರಡು ಸರ್ಕಾರ ಬಂದು ಕೂತೈತೆ. ಊಟ ಬರೋ ಹಂಗೆ ಕಾಣಲ್ಲ.”

“ಎರಡು ಸರ್ಕಾರ ಅಂದ್ರೆ ಎಷ್ಟು ಜನಪ್ಪಾ?” ಎಂದು ಕೇಳಿದಳು ಮುನಿಯಲ್ಲಮ್ಮ.

ಇದ್ದದ್ದು ರಾಗಿಹಿಟ್ಟು, ಮಸೂರ ಬೇಳೆ, ಹೊಲದ ಸಾಸಿವೆ ಸೊಪ್ಪು, ಒಣಮೆಣಸಿನಕಾಯಿ, ಬೆಳ್ಳುಳ್ಳಿ. ಎರಡು ಸರ್ಕಾರಕ್ಕೆ ಸಾಕಾಗುವಷ್ಟು ಮುದ್ದೆ, ಮಸ್ಸೊಪ್ಪು ಮಾಡಿ ಬಡಿಸಿದಳು. ದೆಹಲಿಯಿಂದ ಬಂದ ಸಾಹೇಬರು ತಟ್ಟೆಯಲ್ಲಿ ಕೂತಿದ್ದ ಕಪ್ಪು ಉಂಡೆಯನ್ನು ನೋಡಿ, ಇದು ಟವರಿನ ಯಾವುದಾದರೂ ಬಿಡಿಭಾಗವೇ ಎಂಬಂತೆ ಅಮರನಾಥನ ಕಡೆ ತಿರುಗಿದರು. ಆಮೇಲೆ ಚಮಚ ಕೇಳಿದರು. ಕಠ್ಮಂಡುವಿನಿಂದ ಬಂದಿದ್ದ ಹಿರಿಯ ಎಂಜಿನಿಯರರು ಬೆಳಗಿನಿಂದ ಮುಖ ಗಂಟಿಕ್ಕಿಕೊಂಡೇ ಕೂತಿದ್ದವರು. ಅವರು ಮಾತ್ರ ಕೋಟಿನ ತೋಳು ಮೇಲೇರಿಸಿ, ಮುರಿದು, ಅದ್ದಿ, ನುಂಗತೊಡಗಿದರು. ತಮ್ಮ ಬೆಟ್ಟದ ಊರಿನಲ್ಲಿ ತಾಯಿ ಮಾಡುತ್ತಿದ್ದದ್ದು ಇದೇ ಎಂದರು. ಇನ್ನೊಂದು ಹಾಕಿಸಿಕೊಂಡರು. ಅವರು ತಿನ್ನುವ ಸೊಗಸು ನೋಡಿ ಈಚೆಯವರೂ ಒಬ್ಬೊಬ್ಬರಾಗಿ ಚಮಚ ಕೆಳಗಿಟ್ಟರು. ಮುನಿಯಲ್ಲಮ್ಮ ಬಾಗಿಲ ಮರೆಯಲ್ಲಿ ನಿಂತು, ಯಾರ ತಟ್ಟೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡುತ್ತ ಒಳಗೊಳಗೇ ಹಿಗ್ಗಿದಳು.

ಸಭೆಯಲ್ಲಿ ಏನು ತೀರ್ಮಾನವಾಯಿತು ಎಂದು ಕೇಳಬೇಡಿ. ಹೊಟ್ಟೆ ತುಂಬ ಮುದ್ದೆ ಉಂಡ ಮನುಷ್ಯ ಮಧ್ಯಾಹ್ನ ಏನಾಗುತ್ತಾನೆಂಬುದು ಕೋಲಾರದವರಿಗೆ ಗೊತ್ತು. ಬಾಂಧವ್ಯದ ಬಗ್ಗೆ ಭಾಷಣ ನಡೆಯುತ್ತಿದ್ದಂತೆ ಎರಡೂ ಕಡೆಯವರು ಸಮಾನವಾಗಿ ತೂಕಡಿಸಿದರು. ಮುಂದಿನ ಸಭೆಯಲ್ಲಿ ಚರ್ಚಿಸುವುದೆಂದು ಒಮ್ಮತವಾಯಿತು.

ಹೊರಡುವ ಮುಂಚೆ ದೆಹಲಿಯ ಸಾಹೇಬರು ಅಡುಗೆಯವಳನ್ನು ಕರೆಸಿದರು. ಹೊಗಳುತ್ತಾರೆಂದು ಅವಳು ಸೆರಗು ಸರಿಮಾಡಿಕೊಂಡು ಬಂದಳು. ಈ ಹಿಟ್ಟು ಎಲ್ಲಿ ಸಿಕ್ಕಿತು ಎಂದು ಕೇಳಿದರು. ಮುನಿಯಲ್ಲಮ್ಮ ಸರಳವಾಗಿ ಆಚೆ ಕೈ ತೋರಿಸಿದಳು. ಊಟದಲ್ಲಿ ಬೆರಳು ನೆಕ್ಕಿದ್ದ ಸುಂಕದ ಇಲಾಖೆಯವರೊಬ್ಬರು ಈಗ ಅದೇ ಬೆರಳೆತ್ತಿ ಎದ್ದು ನಿಂತರು. ಸಂಬಂಧಪಟ್ಟವರ ಅನುಮತಿಯಿಲ್ಲದೆ ಹೊರದೇಶದ ಧಾನ್ಯ ಸರ್ಕಾರಿ ಸಭೆಗೆ ಬಂದದ್ದು ಹೇಗೆ, ಈ ಹೆಂಗಸು ಎಷ್ಟು ಸಲ ಗಡಿ ದಾಟಿದ್ದಾಳೆ ಎಂದೆಲ್ಲ ವಿಚಾರಣೆಯಾಯಿತು. ಮನೆಯಲ್ಲಿ ಹಿಟ್ಟು ಮುಗಿದಾಗ ದಾಟಿದ್ದೇನೆ ಎಂದಳು ಅವಳು. ಅಮರನಾಥ್ ಅದನ್ನು ಹಿಂದಿಗೆ ತಿರುಗಿಸುವಾಗ ಎರಡು ಸಲ ಕ್ಷಮೆ ಸೇರಿಸಿದ. ಇನ್ನು ಮುಂದೆ ಅಡುಗೆಯ ಹೆಂಗಸು ಬಿಳಿ ಕಂಬ ದಾಟಕೂಡದು ಎಂದು ಆಜ್ಞೆಯಾಯಿತು. ಇಷ್ಟು ದಿನದಲ್ಲಿ ಎರಡು ದೇಶಗಳ ನಡುವೆ ಆದ ಸ್ಪಷ್ಟ ತೀರ್ಮಾನವೆಂದರೆ ಇದೊಂದೇ.

ಅವಳು ಶೆಡ್ಡಿಗೆ ಬಂದು ಒಲೆಯ ಮುಂದೆ ಕೂತಳು. ಉಂಡ ತಟ್ಟೆಗೆ ಯಾರೋ ಉಗುಳಿ ಹೋದಂತೆ ಆಗಿತ್ತು ಅವಳಿಗೆ. ಊರಲ್ಲಿ ಎಷ್ಟೋ ಮದುವೆಗಳಲ್ಲಿ ಉಪ್ಪು ಕಡಿಮೆ, ಖಾರ ಜಾಸ್ತಿ ಎಂದು ಬೈಸಿಕೊಂಡಿದ್ದಳು. ತಿಂದು ತೇಗಿದ ಮೇಲೆ ಕಳ್ಳಿ ಎನ್ನಿಸಿಕೊಂಡಿರಲಿಲ್ಲ. ಚೀಲ ಕಟ್ಟಿದಳು. ಮಾಲ್ದಾದವರು ಬಂದು ಸುತ್ತ ಕೂತರು. ಸಮಾಧಾನ ಹೇಳುವಷ್ಟು ಮಾತು ಅವರಿಗೆ ಅವಳ ಭಾಷೆಯಲ್ಲಿ ಬರುತ್ತಿರಲಿಲ್ಲ. ಒಬ್ಬ ಈರುಳ್ಳಿ ಹೆಚ್ಚತೊಡಗಿದ. ಅವನು ಹೆಚ್ಚುವ ರೀತಿ ನೋಡಲಾರದೆ ಅವಳು ಎದ್ದು ಈಳಿಗೆಮಣೆ ಕಿತ್ತುಕೊಂಡಳು. ಹಾಗೆ ಆ ಸಂಜೆಯ ಅಡುಗೆ ಆಯಿತು, ಚೀಲ ಬಿಚ್ಚಿತು.

ಮಾರನೇ ದಿನ ಮನ್‌ಮಾಯಾ ಬೆನ್ನಿಗೆ ಬುಟ್ಟಿ ಹೊತ್ತು ರಾಗಿ ಸಮೇತ ತಾನೇ ಕ್ಯಾಂಪಿಗೆ ಬಂದಳು. ಆಜ್ಞೆ ಹೊರಟಿದ್ದದ್ದು ಮುನಿಯಲ್ಲಮ್ಮ ಆಚೆ ಹೋಗುವುದರ ಮೇಲೆ. ಮನ್‌ಮಾಯಾ ಈಚೆ ಬರುವುದರ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ. ಜವಾನರಿಗೆ ಆಜ್ಞೆ ಬಾಯಿಪಾಠವಾಗಿತ್ತು. ಅವರು ಅದನ್ನು ಅಕ್ಷರಶಃ ಪಾಲಿಸಿದರು.

ಬೇಸಿಗೆ ಕಳೆದು ಮಳೆ ಬಂದು ಹೋಯಿತು. ಎರಡು ರಾಜಧಾನಿಗಳಲ್ಲಿ ಯಾರೋ ಯಾರಿಗೋ ಫೋನು ಮಾಡಿದರು. ತಂತಿಯನ್ನು ಈಚೆಯವರೇ ಎಳೆಯಲಿ ಎಂದಾಯಿತು. ಇಷ್ಟು ದಪ್ಪ ತಂತಿಯನ್ನು ಒಮ್ಮೆಲೇ ಎಳೆಯಲಾಗದು. ಮೊದಲು ತೆಳುವಾದ ನೈಲಾನ್ ಹಗ್ಗ ಆಚೆ ಟವರಿಗೆ ಮುಟ್ಟಬೇಕು, ಅದಕ್ಕೆ ದಪ್ಪ ಹಗ್ಗ ಕಟ್ಟಬೇಕು, ಅದಕ್ಕೆ ತಂತಿ. ಆ ತೆಳು ಹಗ್ಗವನ್ನು ಡ್ರೋನಿನಲ್ಲಿ ಹಾರಿಸುವುದೆಂದು ಮೇಲಿನವರು ಯೋಜಿಸಿದ್ದರು. ಡ್ರೋನು ಹಾರಲು ಎರಡು ದೇಶಗಳ ಆಕಾಶದ ಅನುಮತಿ ಬೇಕಿತ್ತು, ಅದಕ್ಕೆ ಬೇರೆ ಸಚಿವಾಲಯ. ಹೋಗಲಿ, ಒಬ್ಬ ಮನುಷ್ಯ ಹಗ್ಗ ಹಿಡಿದು ನಡೆದರಾಯಿತು ಎಂದ ಅಮರನಾಥ್. ಮಾಲ್ದಾದವರು ಸಾಲಾಗಿ ನಿಂತರು. ಹೊಸದಾಗಿ ಬಂದ ಕಾವಲಿನ ಅಧಿಕಾರಿ ಅವರ ಗುರುತಿನ ಚೀಟಿಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಬಂಗಾಳಿ ಮಾತಾಡುವ ಇವರು ಮೂರನೆಯ ಯಾವುದೋ ದೇಶದವರಲ್ಲ ಎಂಬುದಕ್ಕೆ ಏನು ಖಾತರಿ ಎಂದರು. ವಿಚಾರಿಸಿ ಉತ್ತರ ಬರುವ ತನಕ ಒಬ್ಬರೂ ಆ ಬೀಳಿಗೆ ಕಾಲಿಡಕೂಡದು ಎಂದರು. ಎರಡು ದೇಶಗಳನ್ನು ಜೋಡಿಸಲು ಬಂದವರು ತಾವು ಯಾವ ದೇಶದವರೆಂದು ತಿಳಿಯಲು ಟವರಿನ ನೆರಳಲ್ಲಿ ಕೂತರು.

ಹೀಗೆ ಕೆಲವು ದಿನ ಹಗ್ಗದ ಸುರುಳಿ ಬಿಳಿ ಕಂಬದ ಹತ್ತಿರ ಬಿದ್ದಿತ್ತು. ಒಂದು ಮಧ್ಯಾಹ್ನ ಮನ್‌ಮಾಯಾ ಆಡು ಹೊಡೆದುಕೊಂಡು ಈಚೆ ಬಂದಿದ್ದಳು. ಮರಳುವ ಹೊತ್ತಿಗೆ ಆಡು ಹೊಲಕ್ಕೆ ನುಗ್ಗಿ ದಾಂಧಲೆ ಮಾಡಿತು, ಅದರ ಕೊರಳ ಹಗ್ಗ ಹರಿಯಿತು. ಇನ್ನೊಂದು ಹಗ್ಗ ಬೇಕೆಂದು ಮನ್‌ಮಾಯಾ ಸನ್ನೆ ಮಾಡಿದಳು. ಮುನಿಯಲ್ಲಮ್ಮ ಸುತ್ತ ನೋಡಿದಳು. ನೀಲಿ ನೈಲಾನ್ ಹಗ್ಗದ ಸುರುಳಿ ಕಣ್ಣಿಗೆ ಬಿತ್ತು. ಅಮರನಾಥ್ ಕಡೆ ನೋಡಿದಳು.

“ಆಡಿಗೆ ಕಟ್ಲಾ?” ಎಂದಳು.

ಅಮರನಾಥ್ ಕಾವಲಿನವರ ಕಡೆ ನೋಡಿದ, ಟವರಿನ ಕಡೆ ನೋಡಿದ. “ನಾನು ಊಟಕ್ಕೆ ಹೋಗಿದ್ದೀನಿ ಅಕ್ಕಾ,” ಎಂದು ಅಲ್ಲೇ ನಿಂತುಕೊಂಡ.

ಮುನಿಯಲ್ಲಮ್ಮ ಹಗ್ಗದ ತುದಿಯನ್ನು ಆಡಿನ ಕೊರಳಿಗೆ ಗಟ್ಟಿಯಾಗಿ ಬಿಗಿದಳು. ಮನ್‌ಮಾಯಾ ‘ಹುರ್’ ಎಂದು ಆಡನ್ನು ಎಬ್ಬಿಸಿಕೊಂಡು ಹೊರಟಳು. ಮಾಲ್ದಾದವರು ಈಚೆ ಕೂತು ಸುರುಳಿ ಬಿಚ್ಚಿಬಿಡುತ್ತ ಹೋದರು. ಬೀಳು ನೆಲದ ನಡುವೆ ಆಡು ನಿಂತು ಒಂದು ಪೊದೆ ಮೇಯಿತು. ಎಲ್ಲರೂ ಅದು ತಿಂದು ಮುಗಿಸುವುದನ್ನು ಕಾದರು. ಮರದ ಕೆಳಗಿನ ಜವಾನ ಉದ್ದನೆಯ ಹಗ್ಗವನ್ನು ನೋಡಿದ. ಹಗ್ಗ ಎಷ್ಟುದ್ದವಿರಬೇಕೆಂದು ಅವನಿಗೆ ಯಾವ ಆಜ್ಞೆಯೂ ಇರಲಿಲ್ಲ. ತನಗೆ ಊರಿಗೆ ವರ್ಗವಾಗುವುದರಲ್ಲಿದೆ ಎಂಬುದನ್ನು ನೆನೆದುಕೊಂಡು ಅವನು ಬೇರೆ ಕಡೆ ತಿರುಗಿದ. ಆಡು ಆಚೆ ಮುಟ್ಟಿತು. ಅಲ್ಲಿಯ ಗ್ಯಾಂಗಿನವರು ಅದನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೊರಳಿನ ಗಂಟು ಬಿಚ್ಚಿದರು. ಮುನಿಯಲ್ಲಮ್ಮ ಹಾಕಿದ ಗಂಟು ಬಿಚ್ಚಲು ಅವರಿಗೆ ಸಾಕಷ್ಟು ಹೊತ್ತು ಹಿಡಿಯಿತಂತೆ. ಮಾಲ್ದಾದವರು ಯಾವ ದೇಶದವರೆಂಬ ಉತ್ತರ ಬರುವಷ್ಟರಲ್ಲಿ ತಂತಿ ಮೇಲೇರಿ ಬಿಗಿಯಾಗಿತ್ತು. ಅತ್ಯಾಧುನಿಕ ತಂತ್ರಜ್ಞಾನದಿಂದ ಹಗ್ಗ ದಾಟಿಸಲಾಯಿತು ಎಂದು ವರದಿ ಹೋಯಿತು.

ಉದ್ಘಾಟನೆ ಬಲು ಚೆನ್ನಾಗಿ ನಡೆಯಿತು ಎಂದು ಎಲ್ಲರೂ ಹೇಳುತ್ತಾರೆ. ನೋಡಿದವರು ಕಡಿಮೆ. ದೊಡ್ಡವರು ತಂತಮ್ಮ ರಾಜಧಾನಿಯಲ್ಲೇ ಕೂತು ಪರದೆಯ ಮೇಲೆ ಒಬ್ಬರಿಗೊಬ್ಬರು ಕೈಮುಗಿದು ಗುಂಡಿ ಒತ್ತಿದರು. ಗಡಿಯಲ್ಲಿ ಭದ್ರತೆಯ ದೃಷ್ಟಿಯಿಂದ ಕೆಲಸದವರನ್ನೆಲ್ಲ ಟವರಿನ ಹತ್ತಿರದಿಂದ ಓಡಿಸಿದ್ದರು. ಆ ಗಲಾಟೆಯಲ್ಲಿ ಮುನಿಯಲ್ಲಮ್ಮನ ಮೇಲಿನ ಆಜ್ಞೆ ಯಾರಿಗೂ ನೆನಪಿರಲಿಲ್ಲ. ಅವಳು ಆಚೆ ಹೋಗಿ ಮನ್‌ಮಾಯಾಳ ಅಂಗಳದಲ್ಲಿ ಕೂತು ತಲೆಯ ಮೇಲೆ ಹಾದುಹೋದ ತಂತಿಗಳನ್ನು ನೋಡಿದಳು. ಗುಂಡಿ ಒತ್ತಿದಾಗ ಏನಾದರೂ ಆಗುತ್ತದೆಂದು ಇಬ್ಬರೂ ಕತ್ತೆತ್ತಿ ಕಾದರು. ಏನೂ ಆಗಲಿಲ್ಲ. ಒಂದು ಸಣ್ಣ ಗುಂಯ್ ಶಬ್ದ ಬಂತು, ಅಷ್ಟೆ. ಮನ್‌ಮಾಯಾಳ ಮನೆಯಲ್ಲಿ ಬೆಳಗಿನಿಂದ ಕರೆಂಟಿರಲಿಲ್ಲ. ದೊಡ್ಡ ಲೈನು ಸಣ್ಣ ಮನೆಗಳ ಹತ್ತಿರ ನಿಲ್ಲುವುದಿಲ್ಲ, ಮುಂದೆ ಕರೆಂಟಿನ ಸಬ್‌ಸ್ಟೇಷನ್ನಿಗೆ ಹೋಗಿ ಇಳಿದು ಬರಬೇಕು ಎಂದು ಮಾಲೂರಿನ ಗೇಟಿನಿಂದ ಟೇಕ್ ಇಬ್ಬರಿಗೂ ತಿಳಿಸಿ ಹೇಳಿದ.

ಹೊರಡುವ ದಿನ ಮನ್‌ಮಾಯಾ ಹುದುಗಿಸಿ ಒಣಗಿಸಿದ ಸೊಪ್ಪಿನ ಗಂಟೊಂದನ್ನು ಮಗನಿಗೆಂದು ಕೊಟ್ಟಳು. ಅದರ ಹುಳಿ ವಾಸನೆಗೆ ರೈಲಿನಲ್ಲಿ ಮುನಿಯಲ್ಲಮ್ಮನ ಪಕ್ಕ ಯಾರೂ ಕೂರಲಿಲ್ಲ. ಅವಳು ಕಾಲು ಚಾಚಿಕೊಂಡು ಬಂದಳು.

ಊರಲ್ಲಿ ಅವಳಿಗಿಂತ ಮೊದಲೇ ಅವಳ ಕಥೆ ಮುಟ್ಟಿತ್ತು. ನಮ್ಮ ಮನೆಯಿಂದಲೇ ನೇಪಾಳಕ್ಕೆ ಕರೆಂಟು ಹೋಗಿದೆ ಎಂದು ದೊಡ್ಡವೆಂಕಟಪ್ಪ ಟೀ ಅಂಗಡಿಯಲ್ಲಿ ಸಾರಿದ್ದ. ಅವಳಿಲ್ಲದ ದಿನಗಳಲ್ಲಿ ಅವನು ಮೊದಲು ಕೋಲಾರದ ಮಗಳ ಮನೆಯಲ್ಲಿ ಉಂಡ. ಪಾಪ, ಅಳಿಯ ಒಳ್ಳೆಯವನು. ಏನೂ ಹೇಳಲಿಲ್ಲ, ಮುಳಬಾಗಿಲಿನ ಬಸ್ಸು ಎಷ್ಟು ಹೊತ್ತಿಗಿದೆ ಎಂದು ದಿನಾ ನೆನಪಿಸುತ್ತಿದ್ದನಂತೆ. ಆಮೇಲೆ ದೊಡ್ಡವೆಂಕಟಪ್ಪ ಮನೆಗೆ ಬಂದು ಒಲೆ ಹಚ್ಚಲು ಕಲಿತ. ಹೆಂಡತಿ ಬಂದ ದಿನ ಅವನೇ ಮುದ್ದೆ ಮಾಡಿದ. ಎಲ್ಲ ಗಂಟುಗಂಟು. ಮುನಿಯಲ್ಲಮ್ಮ ಒಂದೊಂದೇ ಗಂಟು ಒಡೆದು ಉಂಡಳು. ಚೆನ್ನಾಗಿದೆ ಎನ್ನಲಿಲ್ಲ, ಮಿಗಿಸಲೂ ಇಲ್ಲ.

ಒಂದೆರಡು ದಿನ ಬಿಟ್ಟು ಅವಳು ಸೊಪ್ಪಿನ ಗಂಟು ಹಿಡಿದು ಮಾಲೂರಿಗೆ ಹೋದಳು. ಫ್ಯಾಕ್ಟರಿಯ ಗೇಟಿನಲ್ಲಿ ಇಸ್ತ್ರಿ ಹಾಕಿದ ಯೂನಿಫಾರಂ ತೊಟ್ಟ ಗಾರ್ಡು ಅಡ್ಡ ನಿಂತ. ಪಾಸ್ ಇಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲ, ಲೋಡಿಂಗ್ ಕೆಲಸಕ್ಕಾದರೆ ಹಿಂದಿನ ಗೇಟಿಗೆ ಹೋಗಿ ಎಂದ. ಎರಡು ದೇಶದ ಗಡಿಯನ್ನು ಮನಸ್ಸು ಬಂದಂತೆ ದಾಟಿದ ಮುನಿಯಲ್ಲಮ್ಮ ಮಾಲೂರಿನಲ್ಲಿ ಸಿಕ್ಕಿಹಾಕಿಕೊಂಡಳು.

“ಒಳಗ್ಯಾಕಪ್ಪಾ ನಾನು ಬರ್ಲಿ. ನಿನ್ನ ಹತ್ರಾನೇ ಬಂದಿದ್ದು. ಊಟ ಆಯ್ತಾ?” ಎಂದಳು.

ಮುಖ ನೋಡಿ ಗೊತ್ತಾಗದವನಿಗೆ ದನಿ ಕೇಳಿ ಗೊತ್ತಾಯಿತು. ಗಂಟು ಇಸಿದುಕೊಂಡು ಮೂಗಿಗೆ ಹಿಡಿದ. ಹೊರಗೆ ಲಾರಿಯೊಂದು ಹಾರನ್ ಹೊಡೆಯಿತು, ಇನ್ನೊಮ್ಮೆ ಹೊಡೆಯಿತು. ಟೇಕ್ ಬಹಾದೂರ್ ಗೇಟು ತೆಗೆಯುವುದನ್ನು ಮರೆತು ಹಾಗೇ ನಿಂತಿದ್ದ. ಕೊನೆಗೆ ಡ್ರೈವರು ಇಳಿದು ಬಂದು, ಇಬ್ಬರನ್ನೂ ನೋಡಿ, ತಾನೇ ಗೇಟು ನೂಕಿಕೊಂಡು ಲಾರಿ ಒಳಗೆ ತೆಗೆದುಕೊಂಡು ಹೋದ.

ಈಗ ಮುನಿಯಲ್ಲಮ್ಮ ಶ್ರೀನಿವಾಸಪುರದ ಹತ್ತಿರ ಇನ್ನೊಂದು ಲೈನಿನ ಕೆಲಸಕ್ಕೆ ಬಂದ ಅದೇ ಗ್ಯಾಂಗಿಗೆ ಅಡುಗೆ ಮಾಡುತ್ತಾಳೆ. ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಅವಳು ವಿಚಾರಿಸಲು ಹೋಗಿಲ್ಲ. ದೊಡ್ಡವೆಂಕಟಪ್ಪ ಜೊತೆಗೆ ಹೋಗಿ ತರಕಾರಿ ಹೆಚ್ಚುತ್ತಾನೆ. ಜಗತ್ತಿನ ವಿದ್ಯಮಾನಗಳನ್ನು ಮಾಲ್ದಾದವರಿಗೆ ಕನ್ನಡದಲ್ಲಿ ತಿಳಿಸುತ್ತಾನೆ, ಅವರು ಅರ್ಥವಾಗದ್ದರಿಂದ ಗೌರವವಾಗಿ ಕೇಳುತ್ತಾರೆ. ಟೇಕ್ ರಜದ ದಿನ ಊಟಕ್ಕೆ ಬಂದು, ತನಗೀಗ ಬೆಲೆಯೇ ಇಲ್ಲ ಎಂದು ದೂರುತ್ತಾನೆ. ಅವನ ತಾಯಿಯೂ ಮುನಿಯಲ್ಲಮ್ಮನೂ ಅವನನ್ನು ಬಿಟ್ಟು ನೇರವಾಗಿಯೇ ಫೋನು ಮಾಡಿಕೊಳ್ಳುತ್ತಾರೆ. ಇವಳು ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ವಿಷಯ ಹೇಳುತ್ತಾಳೆ, ಅವಳು ಮಳೆಗೆ ಪೈರು ಮಲಗಿದ ವಿಷಯ ಹೇಳುತ್ತಾಳೆ. ಒಬ್ಬಳು ಕನ್ನಡ, ಒಬ್ಬಳು ನೇಪಾಳಿ. ಒಬ್ಬಳು ಹೇಳಿದ್ದಕ್ಕೂ ಇನ್ನೊಬ್ಬಳು ಕೊಟ್ಟ ಉತ್ತರಕ್ಕೂ ಸಂಬಂಧವಿರುವುದು ಅಪರೂಪ. ಆದರೂ ಇಬ್ಬರೂ ಹೂಂ ಹೂಂ ಎನ್ನುತ್ತ, ಸಾರು ಉಕ್ಕುವ ತನಕ ಮಾತಾಡುತ್ತಾರೆ.